ತೊಟ್ಟಿಯ ಮೀನುಗಳು

ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ದಾರಿಯಲ್ಲಿ ಎಂಐಡಿಸಿ ಇದೆ. ಎಂಐಡಿಸಿ ಎಂದರೆ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಳ. ಆ ಮಂಡಳವು ಬೆಳೆಸಿದ ಕಾರಖಾನೆಗಳ ಪ್ರದೇಶವನ್ನೂ ಜನರು ಅದೇ ಹೆಸರಿನಿಂದ ಕರೆಯುತ್ತಾರೆ. ಅಲ್ಲಿ ಯಂತ್ರಮಗ್ಗಗಳ ಕಟಕಟ ಸದ್ದು ಸದಾ ಕೇಳಿಬರುತ್ತದೆ. ಸೊಲ್ಲಾಪುರದ ಹೆಸರಾಂತ ಚಾದರು, ಟಾವೆಲುಗಳು ಅಲ್ಲಿ ತಯಾರಾಗುತ್ತವೆ. ಆ ಭಾಗದ ಓಣಿಗಳಲ್ಲಿ ಕನ್ನಡ, ಮರಾಠಿ, ತೆಲುಗು ಮೂರೂ ಭಾಷೆಗಳು ಕಿವಿಗೆ ಬೀಳುತ್ತವೆ. ಮಕ್ಕಳು ಮೂರನ್ನೂ ಮಾತಾಡುತ್ತಾರೆ.

ಆ ರಸ್ತೆಗೆ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ನಾನು ಕೆಲವು ವರ್ಷ ಶಿಕ್ಷಕನಾಗಿದ್ದೆ. ನನ್ನ ತರಗತಿಯ ಮಕ್ಕಳ ತಂದೆಯರು ಮಗ್ಗ ನಡೆಸುತ್ತಿದ್ದರು. ಹಲವರ ತಾಯಂದಿರು ಮನೆಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದರು. ಶಾಲೆಯ ಅಂಗಳದಲ್ಲಿ ಒಂದು ಬೇವಿನ ಮರ, ಅದರ ಪಕ್ಕದಲ್ಲಿ ಒಂದು ಸಿಮೆಂಟಿನ ತೊಟ್ಟಿ. ತೊಟ್ಟಿ ಹತ್ತು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ಆಳ ಇತ್ತು. ಗಿಡಗಳಿಗೆ ಹಾಕುವ ನೀರನ್ನು ಅದರಲ್ಲಿ ತುಂಬಿಡುತ್ತಿದ್ದೆವು.

2005ರ ಮಳೆಗಾಲದಲ್ಲಿ ನಾಲ್ಕನೆಯ ತರಗತಿಯ ಒಬ್ಬ ಹುಡುಗಿ ಉಕ್ಕಿನ ಡಬ್ಬಿಯಲ್ಲಿ ಹನ್ನೆರಡು ಮೀನಿನ ಮರಿಗಳನ್ನು ತಂದಳು. ಅವಳ ಸೋದರಮಾವ ಉಜನಿ ಜಲಾಶಯದಲ್ಲಿ ಮೀನು ಹಿಡಿಯುವವನು. ಅವು ಕಾಟ್ಲಾ ಮತ್ತು ರೋಹು ಮೀನಿನ ಮರಿಗಳು. ಒಂದೊಂದೂ ನನ್ನ ಕಿರುಬೆರಳಿನಷ್ಟು ಇದ್ದವು.

“ಗುರುಗಳೇ, ಇವನ್ನ ತೊಟ್ಟಿಯೊಳಗ ಬಿಡೋಣೇನ್ರಿ?” ಎಂದು ಆಕೆ ಕೇಳಿದಳು.

ನಾನು ಒಪ್ಪಿದೆ. ಮೀನುಗಳನ್ನು ನೋಡಿಕೊಳ್ಳುವ ಕೆಲಸವನ್ನು ಅವಳಿಗೇ ಕೊಟ್ಟೆ. ಆಕೆ ದಿನಾಲೂ ಎಲ್ಲರಿಗಿಂತ ಮೊದಲು ಶಾಲೆಗೆ ಬಂದು ತೊಟ್ಟಿಯ ಕಟ್ಟೆಯ ಮೇಲೆ ಬಗ್ಗಿ ಮೀನುಗಳನ್ನು ಎಣಿಸುತ್ತಿದ್ದಳು. ಹನ್ನೆರಡೂ ಇವೆ ಎಂದು ನನಗೆ ಬಂದು ಹೇಳಿ, ಆಮೇಲೆ ಪ್ರಾರ್ಥನೆಗೆ ನಿಲ್ಲುತ್ತಿದ್ದಳು.

ಶಾಲೆಯಲ್ಲಿ ಮಧ್ಯಾಹ್ನ ಮಕ್ಕಳಿಗೆ ಖಿಚಡಿ ಕೊಡುತ್ತಿದ್ದರು. ಊಟವಾದ ಮೇಲೆ ತಟ್ಟೆಯಲ್ಲಿ ಒಂದಷ್ಟು ಅಗುಳು ಉಳಿಯುತ್ತಿದ್ದವು. ಅನ್ನ ಚೆಲ್ಲಬಾರದು ಎಂದು ನಾನು ಸದಾ ಹೇಳುತ್ತಿದ್ದೆ. ಡಿಸೆಂಬರಿನಲ್ಲಿ ಒಂದು ದಿನ ನನಗೊಂದು ಉಪಾಯ ಹೊಳೆಯಿತು. “ತಟ್ಟೆ ತೊಳೆದ ನೀರನ್ನು ತೊಟ್ಟಿಗೆ ಹಾಕಿರಿ. ಅಗುಳನ್ನು ಮೀನುಗಳು ತಿನ್ನುತ್ತವೆ. ಅನ್ನವೂ ಹಾಳಾಗುವುದಿಲ್ಲ, ಮೀನಿಗೂ ಹೊಟ್ಟೆ ತುಂಬುತ್ತದೆ” ಎಂದು ಮಕ್ಕಳಿಗೆ ಹೇಳಿದೆ. ಮಕ್ಕಳಿಗೆ ಅದು ಬಹಳ ಇಷ್ಟವಾಯಿತು.

ಜನವರಿ ಕಳೆಯುವಷ್ಟರಲ್ಲಿ ತೊಟ್ಟಿಯ ನೀರು ತಿಳಿಹಸಿರಾಯಿತು. ಫೆಬ್ರವರಿಯಲ್ಲಿ ಕಡುಹಸಿರಾಯಿತು. ಮಾರ್ಚಿನಲ್ಲಿ ಮೀನುಗಳು ಕಾಣುವುದೇ ಕಷ್ಟವಾಯಿತು. “ಎಣಿಸಲಿಕ್ಕೆ ಆಗವಲ್ದ್ರಿ ಗುರುಗಳೇ” ಎಂದು ಆ ಹುಡುಗಿ ಎರಡು ಸಲ ಹೇಳಿದಳು. ನಾನು ಅದಕ್ಕೆ ಗಮನ ಕೊಡಲಿಲ್ಲ. ಹಸಿರು ಒಳ್ಳೆಯದೇ ಅಲ್ಲವೇ ಎಂದುಕೊಂಡೆ.

2006ರ ಏಪ್ರಿಲ್ ತಿಂಗಳು. ಒಂದು ದಿನ ಸಂಜೆಯವರೆಗೂ ಮೋಡ ಕವಿದು ಸೆಕೆಯಾಗಿತ್ತು. ಮರುದಿನ ಬೆಳಗಿನ ಶಾಲೆಗೆ ಹೋದಾಗ ಮಕ್ಕಳೆಲ್ಲ ತೊಟ್ಟಿಯ ಸುತ್ತ ನಿಂತಿದ್ದರು. ಮೀನುಗಳು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಈಗ ಎಣಿಸುವುದು ಸುಲಭವಾಗಿತ್ತು. ಹನ್ನೆರಡೂ ಸತ್ತಿದ್ದವು.

“ಇವಳು ಸರಿಯಾಗಿ ನೋಡಿಕೊಳ್ಳಲಿಲ್ಲ” ಎಂದು ಒಬ್ಬ ಹುಡುಗ ಅಂದ. ಇನ್ನಿಬ್ಬರು ಹೌದು ಹೌದು ಎಂದರು. ಆ ಹುಡುಗಿ ಅಳಲಿಲ್ಲ. ನನ್ನ ಹತ್ತಿರ ಬಂದು ಕೇಳಿದಳು.

“ಗುರುಗಳೇ, ನಾವು ದಿನಾ ಉಣ್ಣಾಕ ಕೊಟ್ಟೇವಿ. ಆದ್ರೂ ಯಾಕ ಸತ್ತವು?”

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಾಯಿತು. “ಬಿಸಿಲು ಹೆಚ್ಚಾಯಿತು, ನೀರು ಕಾಯಿತು, ಅದಕ್ಕೇ ಸತ್ತವು” ಎಂದುಬಿಟ್ಟೆ. ಆಕೆ ತೊಟ್ಟಿಯೊಳಗೆ ಕೈ ಅದ್ದಿ ನೋಡಿದಳು. ಬೆಳಗಿನ ನೀರು ತಣ್ಣಗಿತ್ತು. ನನ್ನ ಮುಖ ನೋಡಿ ಸುಮ್ಮನೆ ಹೋದಳು. ಆ ದಿನದಿಂದ ಆಕೆ ತೊಟ್ಟಿಯ ಕಡೆಗೆ ಬರಲಿಲ್ಲ.

ಅದೇ ವರ್ಷ ದೀಪಾವಳಿ ರಜೆಯಲ್ಲಿ ನಾನು ಕುಮಟಾಕ್ಕೆ ಹೋದೆ. ನನ್ನ ತಂಗಿಯ ಗಂಡನಿಗೆ ಅಲ್ಲಿಗೆ ವರ್ಗವಾಗಿತ್ತು. ವಿಜಯಪುರ, ಹುಬ್ಬಳ್ಳಿ ದಾಟಿ, ಘಟ್ಟ ಇಳಿದು ಬಸ್ಸು ಕರಾವಳಿಗೆ ಬಂದಿತು. ನಮ್ಮ ಸೊಲ್ಲಾಪುರದ ಬಯಲು ಕಂಡವನಿಗೆ ಅಷ್ಟು ಹಸಿರು, ಅಷ್ಟು ನೀರು ಹೊಸದು.

ಅವರ ನೆರೆಮನೆಯಲ್ಲಿ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಒಬ್ಬ ಅಧ್ಯಾಪಕರಿದ್ದರು. ಮಾತಿನ ನಡುವೆ ನಾನು ಅವರಿಗೆ ತೊಟ್ಟಿಯ ಮೀನುಗಳ ಕಥೆ ಹೇಳಿದೆ. ಅವರು ನಕ್ಕು, “ನಾಳೆ ನನ್ನ ಜೊತೆ ಅಳಿವೆಗೆ ಬನ್ನಿ. ನಿಮ್ಮ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುತ್ತದೆ” ಎಂದರು.

ಹೊಳೆಯು ಸಮುದ್ರವನ್ನು ಸೇರುವ ಸ್ಥಳಕ್ಕೆ ಅಳಿವೆ ಎನ್ನುತ್ತಾರೆ. ಶಿರಸಿಯ ಕಡೆ ಹುಟ್ಟುವ ಅಘನಾಶಿನಿ ಹೊಳೆಯು ಕಾಡಿನಲ್ಲಿ ಹರಿದು, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕುಮಟಾದ ಹತ್ತಿರ ಸಮುದ್ರ ಸೇರುತ್ತದೆ. ಒಂದು ದಡದಲ್ಲಿ ಅಘನಾಶಿನಿ ಎಂಬ ಹಳ್ಳಿ, ಎದುರು ದಡದಲ್ಲಿ ತದಡಿ. ಸಮುದ್ರದ ಉಪ್ಪುನೀರು ದಿನಕ್ಕೆ ಎರಡು ಸಲ ಉಬ್ಬರದಲ್ಲಿ ಒಳಗೆ ಬರುತ್ತದೆ, ಎರಡು ಸಲ ಇಳಿತದಲ್ಲಿ ಹೊರಗೆ ಹೋಗುತ್ತದೆ. ದಡದ ಕೆಸರಿನಲ್ಲಿ ಕಾಂಡ್ಲಾ ಗಿಡಗಳು ಬೇರುಗಳನ್ನು ಹೊರಚಾಚಿ ನಿಂತಿರುತ್ತವೆ.

ನಾವು ಹೋದಾಗ ಇಳಿತದ ಹೊತ್ತು. ಹೆಂಗಸರು, ಗಂಡಸರು ಸೊಂಟದವರೆಗಿನ ನೀರಿನಲ್ಲಿ ನಿಂತು ಕೆಸರನ್ನು ಕೆದಕಿ ಚಿಪ್ಪುಗಳನ್ನು ಆರಿಸುತ್ತಿದ್ದರು. ಅವಕ್ಕೆ ಅಲ್ಲಿ ಬಳಚು ಎಂದು ಹೆಸರು. ಎರಡು ಚಿಪ್ಪುಗಳ ನಡುವೆ ಮೆತ್ತನೆಯ ಜೀವಿ ಇರುತ್ತದೆ. ಸಾವಿರಾರು ಜನರಿಗೆ ಅದು ಆಹಾರ, ಅದೇ ಜೀವನ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ತುಂಬಿ ಹರಿಯುತ್ತದೆ, ಆಗ ಬಳಚು ಹೆಚ್ಚಾಗಿ ಸಿಗುವುದಿಲ್ಲ, ನೀರು ತಿಳಿಯಾದ ಮೇಲೆಯೇ ಸುಗ್ಗಿ ಎಂದು ಒಬ್ಬ ಅಜ್ಜಿ ನಮಗೆ ಹೇಳಿದಳು.

“ಈ ಬಳಚು ಏನು ತಿನ್ನುತ್ತದೆ?” ಎಂದು ನಾನು ಕೇಳಿದೆ.

ಅಧ್ಯಾಪಕರು ಚೀಲದಿಂದ ಒಂದು ಬಲೆ ತೆಗೆದರು. ಅದು ಬಲೆಯಂತೆ ಕಾಣಲಿಲ್ಲ, ಬಟ್ಟೆಯಂತೆ ಕಂಡಿತು. ಮಗ್ಗದ ಊರಿನವನಾದ ನಾನು ಅದನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಅಷ್ಟು ನವಿರಾದ ನೇಯ್ಗೆಯನ್ನು ನಮ್ಮ ಕಡೆಯ ಚಾದರದ ಮಗ್ಗಗಳಲ್ಲಿ ನಾನು ಕಂಡಿರಲಿಲ್ಲ. ಅವರು ಅದನ್ನು ನೀರಿನಲ್ಲಿ ಸ್ವಲ್ಪ ದೂರ ಎಳೆದರು. ತುದಿಯ ಶೀಶೆಯಲ್ಲಿ ಉಳಿದ ನೀರನ್ನು ಮನೆಗೆ ತಂದು, ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು.

ಮಕ್ಕಳೇ, ಆ ಹನಿಯಲ್ಲಿ ನಾನು ಕಂಡದ್ದನ್ನು ಇಂದಿಗೂ ಮರೆತಿಲ್ಲ. ಗಾಜಿನ ಡಬ್ಬಿಗಳಂತೆ, ದೋಣಿಗಳಂತೆ, ಪೋಣಿಸಿದ ಮಣಿಗಳಂತೆ ನೂರಾರು ಆಕಾರಗಳು ಅಲ್ಲಿದ್ದವು. ಹಲವು ಆಕಾರಗಳ ಮೇಲೆ ಚಾದರದ ಮೇಲಿನಂತೆ ಸಾಲುಸಾಲಾಗಿ ನಕ್ಕಾಶಿ. ಅವುಗಳಲ್ಲಿ ಬಹಳಷ್ಟು ಡಯಾಟಮ್ ಎಂಬ ಸಸ್ಯದಂಥ ಜೀವಿಗಳು. ಅವುಗಳ ಕವಚವು ಸಿಲಿಕಾದಿಂದ ಆಗಿರುತ್ತದೆ. ಗಾಜನ್ನೂ ಅದೇ ವಸ್ತುವಿನಿಂದ ಮಾಡುತ್ತಾರೆ.

ನೀರಿನೊಡನೆ ತೇಲುತ್ತ ಅಲೆಯುವ ಇಂಥ ಜೀವಿಗಳಿಗೆ ಪ್ಲವಕ ಎಂದು ಹೆಸರು. ಪ್ಲವ ಎಂದರೆ ತೇಲುವುದು. ಇಂಗ್ಲಿಷಿನಲ್ಲಿ ಪ್ಲಾಂಕ್ಟನ್ ಎನ್ನುತ್ತಾರೆ. ಜರ್ಮನಿಯ ವಿಜ್ಞಾನಿ ವಿಕ್ಟರ್ ಹೆನ್ಸೆನ್ 1887ರಲ್ಲಿ ಆ ಹೆಸರನ್ನು ಕೊಟ್ಟರು. ಗ್ರೀಕ್ ಭಾಷೆಯಲ್ಲಿ ಅದರ ಮೂಲ ಪದಕ್ಕೆ ಅಲೆಮಾರಿ ಎಂದು ಅರ್ಥ. ಬಿಸಿಲಿನಿಂದ ತಮ್ಮ ಆಹಾರವನ್ನು ತಾವೇ ತಯಾರಿಸುವವು ಸಸ್ಯಪ್ಲವಕಗಳು. ಅವನ್ನು ತಿಂದು ಬದುಕುವ ಸಣ್ಣ ಹುಳುಗಳಂಥವು ಪ್ರಾಣಿಪ್ಲವಕಗಳು. ಭೂಮಿಯ ಮೇಲೆ ಗಿಡಮರಗಳೂ ಸಸ್ಯಪ್ಲವಕಗಳೂ ಸೇರಿ ಮಾಡುವ ಆಮ್ಲಜನಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಕಣ್ಣಿಗೆ ಕಾಣದ ಅಲೆಮಾರಿಗಳದು!

“ಹೊಲದ ಜೋಳಕ್ಕೆ ಗೊಬ್ಬರ ಬೇಕಲ್ಲವೇ? ಹಾಗೆಯೇ ಇವಕ್ಕೂ ಬೇಕು” ಎಂದು ಅಧ್ಯಾಪಕರು ವಿವರಿಸಿದರು. ಸಾರಜನಕ, ರಂಜಕ, ಸಿಲಿಕಾ ಇವು ಪ್ಲವಕಗಳ ಮುಖ್ಯ ಪೋಷಕಾಂಶಗಳು. ಅಮ್ಮ ಅಡುಗೆಗೆ ಅಳತೆ ಹಾಕುವಂತೆ ಸಮುದ್ರಕ್ಕೂ ಒಂದು ಅಳತೆ ಇದೆ. ಸಮುದ್ರದ ಪ್ಲವಕಗಳು ಸಾಮಾನ್ಯವಾಗಿ ರಂಜಕದ 1 ಪರಮಾಣುವಿಗೆ ಸಾರಜನಕದ 16 ಪರಮಾಣುಗಳಂತೆ ಹೀರಿಕೊಳ್ಳುತ್ತವೆ. ಅಮೆರಿಕದ ವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್ ಈ ಅಳತೆಯನ್ನು ಗುರುತಿಸಿದರು.

ಪ್ಲವಕಗಳಿಗೂ ಋತುಗಳಿವೆ. ಮಳೆಗಾಲದಲ್ಲಿ ಹೊಳೆಯು ಕಾಡಿನ ಎಲೆಗೊಬ್ಬರವನ್ನೂ ಹೊಲದ ಮಣ್ಣನ್ನೂ ತೊಳೆದುಕೊಂಡು ಅಳಿವೆಗೆ ತರುತ್ತದೆ. ಆಗ ಪೋಷಕಾಂಶಗಳು ಬೇಕಾದಷ್ಟು. ಆದರೆ ನೀರು ಕೆಸರಾಗಿರುವುದರಿಂದ ಬೆಳಕು ಒಳಗೆ ಇಳಿಯುವುದಿಲ್ಲ. ಪ್ರವಾಹವೂ ಜೋರು. ಎಲೆಯ ಮುಂದೆ ಊಟವಿದೆ, ಉಣ್ಣಲು ಬಿಡುವಿಲ್ಲ ಎಂಬ ಸ್ಥಿತಿ. ಮಳೆ ನಿಂತು ನೀರು ತಿಳಿಯಾದಾಗ ಬಿಸಿಲು ಒಳಗೆ ಇಳಿಯುತ್ತದೆ. ಆಗ ಸಸ್ಯಪ್ಲವಕಗಳು ಪೋಷಕಾಂಶಗಳನ್ನು ಹೀರಿ ಬೇಗಬೇಗನೆ ಹೆಚ್ಚುತ್ತವೆ. ಬಳಚುಗಳು ನೀರನ್ನು ಸೋಸಿ ಅವನ್ನು ತಿನ್ನುತ್ತವೆ. ಬಳಚನ್ನು ಜನ ತಿನ್ನುತ್ತಾರೆ. ಉಳಿದದ್ದನ್ನು ಇಳಿತದ ನೀರು ಸಮುದ್ರಕ್ಕೆ ಒಯ್ಯುತ್ತದೆ.

ಹೊರಗಿನ ಸಮುದ್ರದಲ್ಲಿ ಇನ್ನೊಂದು ಬಗೆ. ಅಲ್ಲಿ ಮುಂಗಾರಿನ ಗಾಳಿ ಬೀಸುವ ಕಾಲದಲ್ಲಿ ಆಳದ ತಂಪು ನೀರು ಮೇಲಕ್ಕೆ ಏಳುತ್ತದೆ. ಆ ನೀರಿನಲ್ಲಿ ಪೋಷಕಾಂಶ ಹೆಚ್ಚು. ಪ್ಲವಕಗಳಿಗೆ ಅದೇ ಸುಗ್ಗಿ. ಅವನ್ನು ತಿಂದು ತಾರ್ಲೆ ಮೀನು ಕೊಬ್ಬುತ್ತದೆ. ಮಂಗಳೂರಿನ ಕಡೆ ಅದಕ್ಕೆ ಬೂತಾಯಿ ಎನ್ನುತ್ತಾರೆ.

“ಈಗ ನಿಮ್ಮ ತೊಟ್ಟಿಯನ್ನು ನೆನೆಯಿರಿ” ಎಂದರು ಅಧ್ಯಾಪಕರು. ಅವರು ಹೇಳುತ್ತ ಹೋದಂತೆ ನನಗೆ ಒಂದೊಂದಾಗಿ ತಿಳಿಯಿತು.

ನಾವು ಹಾಕಿದ ಅಗುಳನ್ನು ಮೀನಿನ ಮರಿಗಳು ಪೂರ್ತಿ ತಿನ್ನಲಿಲ್ಲ. ಉಳಿದದ್ದು ತಳದಲ್ಲಿ ಕೊಳೆಯಿತು. ಕೊಳೆತ ಅನ್ನದಿಂದ ಸಾರಜನಕ, ರಂಜಕ ನೀರಿಗೆ ಸೇರಿದವು. ಬಿಸಿಲೂ ಇತ್ತು. ತೊಟ್ಟಿಯಲ್ಲಿದ್ದ ಪಾಚಿಯಂಥ ಸಸ್ಯಪ್ಲವಕಗಳು ಮಿತಿಮೀರಿ ಬೆಳೆದವು. ಹಗಲಿನಲ್ಲಿ ಅವು ಆಮ್ಲಜನಕ ಕೊಡುತ್ತಿದ್ದವು. ಆದರೆ ರಾತ್ರಿ ಅವೂ ನಮ್ಮಂತೆ ಉಸಿರಾಡಿ ಆಮ್ಲಜನಕವನ್ನು ಬಳಸುತ್ತಿದ್ದವು. ತಳದಲ್ಲಿ ಕೊಳೆಯುವ ಅನ್ನವೂ ಸತ್ತ ಪಾಚಿಯೂ ಇನ್ನಷ್ಟು ಆಮ್ಲಜನಕವನ್ನು ಮುಗಿಸುತ್ತಿದ್ದವು. ಮೋಡ ಕವಿದ ಆ ದಿನ ಬಿಸಿಲು ಕಡಿಮೆ. ಆದ್ದರಿಂದ ಹಗಲಿನ ಗಳಿಕೆಯೂ ಕಡಿಮೆ. ರಾತ್ರಿಯ ಖರ್ಚು ಮಾತ್ರ ಎಂದಿನಂತೆ. ಬೆಳಗಾಗುವ ಮೊದಲೇ ನೀರಿನಲ್ಲಿ ಉಸಿರಾಟಕ್ಕೆ ಸಾಕಷ್ಟು ಆಮ್ಲಜನಕ ಉಳಿಯಲಿಲ್ಲ. ಮೀನುಗಳು ಸತ್ತವು.

ನಾನು ಹೇಳಿದ ಬಿಸಿಲಿನ ಮಾತು ಪೂರ್ತಿ ಸುಳ್ಳಲ್ಲ. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ಆದರೆ ಮುಖ್ಯ ಕಾರಣ ಬಿಸಿಲಲ್ಲ. ಅಳತೆ ಮೀರಿದ ಅನ್ನ. ಅಳಿವೆಯಲ್ಲಿ ತಿನ್ನಲು ಬಳಚುಗಳಿವೆ, ಉಳಿದದ್ದು ಹೊರಗೆ ಹೋಗಲು ದಾರಿಯಿದೆ. ನಮ್ಮ ತೊಟ್ಟಿಯಲ್ಲಿ ಹನ್ನೆರಡು ಸಣ್ಣ ಬಾಯಿಗಳು ಮಾತ್ರ ಇದ್ದವು. ನಾಲ್ಕು ಕಡೆಗೂ ಗೋಡೆ.

ರಜೆ ಮುಗಿದು ಶಾಲೆ ತೆರೆಯಿತು. ಆ ಮಕ್ಕಳು ಈಗ ಐದನೆಯ ತರಗತಿಯಲ್ಲಿದ್ದರು. ನಾನು ಅವರ ತರಗತಿಗೆ ಹೋಗಿ ನಿಂತೆ. “ಮೀನು ಸತ್ತಾಗ ನಾನು ನಿಮಗೆ ಸರಿಯಾದ ಉತ್ತರ ಹೇಳಲಿಲ್ಲ. ನನಗೆ ಗೊತ್ತಿರಲಿಲ್ಲ. ತಪ್ಪು ಇವಳದಲ್ಲ. ತಟ್ಟೆ ತೊಳೆದ ನೀರನ್ನು ಹಾಕಿಸಿದವನು ನಾನು. ಮೀನು ಸತ್ತದ್ದು ನನ್ನ ತಪ್ಪಿನಿಂದ” ಎಂದು ಹೇಳಿ, ತಿಳಿದುಕೊಂಡು ಬಂದದ್ದನ್ನೆಲ್ಲ ವಿವರಿಸಿದೆ.

ಆ ಹುಡುಗಿ ಎದ್ದು ನಿಂತಳು. “ಗೊತ್ತಿಲ್ಲ ಅಂತ ಅವತ್ತs ಹೇಳಬಹುದಿತ್ತಲ್ರಿ?” ಎಂದು ಕೇಳಿದಳು. ತರಗತಿಯೆಲ್ಲ ನಿಶ್ಶಬ್ದವಾಯಿತು.

“ಹೇಳಬೇಕಿತ್ತು” ಎಂದೆ.

ಅವಳು ಕುಳಿತಳು. ಸ್ವಲ್ಪ ಹೊತ್ತಿನ ನಂತರ ಮತ್ತೆ ಎದ್ದು, “ಇದು ಖರೇ ಅಂತ ನಮಗ ಹ್ಯಾಂಗ ಗೊತ್ತಾಗಬೇಕ್ರಿ?” ಎಂದಳು. ಒಮ್ಮೆ ತಪ್ಪು ಹೇಳಿದವನ ಮಾತನ್ನು ಎರಡನೆಯ ಸಲ ಪರೀಕ್ಷಿಸದೆ ಏಕೆ ನಂಬಬೇಕು? ಅವಳು ಕೇಳಿದ್ದು ಸರಿಯಾಗಿತ್ತು. ನಾವು ಪ್ರಯೋಗ ಮಾಡಿಯೇ ನೋಡೋಣ ಎಂದು ತೀರ್ಮಾನಿಸಿದೆವು.

ಮೂರು ಬಿಳಿ ಶೀಶೆಗಳಲ್ಲಿ ತೊಟ್ಟಿಯ ನೀರು ತುಂಬಿದೆವು. ಮೊದಲನೆಯದಕ್ಕೆ ಏನೂ ಹಾಕಲಿಲ್ಲ. ಎರಡನೆಯದಕ್ಕೆ ಒಂದು ಚಮಚ ಸಗಣಿಯ ತಿಳಿನೀರು ಹಾಕಿದೆವು. ಮೂರನೆಯದಕ್ಕೂ ಅಷ್ಟೇ ತಿಳಿನೀರು ಹಾಕಿ ಕಪ್ಪು ಬಟ್ಟೆ ಸುತ್ತಿದೆವು. ಮೂರನ್ನೂ ಬಿಸಿಲು ಬೀಳುವ ಕಿಟಕಿಯಲ್ಲಿ ಸಾಲಾಗಿ ಇಟ್ಟೆವು. ಮೂರು ವಾರ ಕಳೆದವು. ಮೊದಲನೆಯ ಶೀಶೆಯ ನೀರು ಸ್ವಲ್ಪ ಹಸಿರಾಗಿತ್ತು. ಎರಡನೆಯದು ಕಡುಹಸಿರು. ಮೂರನೆಯದರ ಬಟ್ಟೆಯನ್ನು ಆ ಹುಡುಗಿಯೇ ಬಿಚ್ಚಿದಳು. ನೀರು ಹಸಿರಾಗಿರಲಿಲ್ಲ. ಗೊಬ್ಬರವಿದ್ದರೂ ಬೆಳಕಿಲ್ಲದೆ ಪ್ಲವಕಗಳು ಬೆಳೆದಿರಲಿಲ್ಲ. ಮಳೆಗಾಲದ ಕೆಸರು ನೀರಿನಲ್ಲಿಯೂ ಹೀಗೆಯೇ ಆಗುತ್ತದೆ ಎಂದು ನಾನು ಹೇಳುವ ಮೊದಲೇ ಅವಳು ಹೇಳಿದಳು.

ಆಮೇಲೆ ನಾವು ತೊಟ್ಟಿಯನ್ನು ಬರಿದು ಮಾಡಿ, ಕೆಸರು ತೆಗೆದು ತೊಳೆದೆವು. ಆ ಕೆಸರನ್ನೂ ಹಸಿರು ನೀರನ್ನೂ ಬೇವಿನ ಬುಡಕ್ಕೆ ಹಾಕಿದೆವು. ಅಂದಿನಿಂದ ತಟ್ಟೆ ತೊಳೆದ ನೀರೂ ಗಿಡಗಳಿಗೇ ಹೋಯಿತು. ಮುಂದಿನ ಮಳೆಗಾಲದಲ್ಲಿ ಅವಳ ಮಾವ ಮತ್ತೆ ಮರಿಗಳನ್ನು ಕೊಟ್ಟ. ಈ ಸಲ ಆರು ಮಾತ್ರ ಬಿಟ್ಟೆವು. ನೀರಿನ ತಳ ಕಾಣಬೇಕು, ಮೀನುಗಳನ್ನು ಎಣಿಸಲು ಬರಬೇಕು ಎಂಬುದೇ ನಮ್ಮ ನಿಯಮವಾಯಿತು. ಎಣಿಸಲು ಬಾರದಿದ್ದರೆ ಅರ್ಧ ನೀರು ತೆಗೆದು ಹೊಸ ನೀರು ತುಂಬುತ್ತಿದ್ದೆವು. ಆ ಮೀನುಗಳು ಮರುವರ್ಷದ ಬೇಸಿಗೆಯನ್ನು ದಾಟಿದವು.

ಅಂದಿನಿಂದ ನಾನು ಎಲ್ಲಿ ನೀರು ಕಂಡರೂ ಅದರ ಬಣ್ಣ ನೋಡುತ್ತೇನೆ. ಭೀಮಾ ನದಿಗೆ ಕಟ್ಟಿದ ಉಜನಿ ಜಲಾಶಯದಿಂದ ಸೊಲ್ಲಾಪುರಕ್ಕೆ ಕುಡಿಯುವ ನೀರು ಬರುತ್ತದೆ. ಅದರ ಹಿನ್ನೀರಿಗೆ ರಾಜಹಂಸಗಳೂ ಬರುತ್ತವೆ. ಮರಾಠಿಯಲ್ಲಿ ಅವನ್ನು ಅಗ್ನಿಪಂಖ ಎನ್ನುತ್ತಾರೆ. ಅವು ತಿನ್ನುವ ಪಾಚಿ ಮತ್ತು ಸಣ್ಣ ಜೀವಿಗಳಿಂದಲೇ ಅವುಗಳ ರೆಕ್ಕೆಗೆ ಗುಲಾಬಿ ಬಣ್ಣ. ಅದೇ ಜಲಾಶಯಕ್ಕೆ ಮೇಲಿನ ಊರುಗಳ ಚರಂಡಿ ನೀರೂ ಸೇರುತ್ತದೆ. ಆಗ ಪಾಚಿ ಅತಿಯಾಗಿ ಬೆಳೆದು ನೀರು ಹಸಿರುಗಟ್ಟುತ್ತದೆ. ದೂರದ ಅಮೆರಿಕದಲ್ಲಿ ಮಿಸಿಸಿಪ್ಪಿ ನದಿ ಹೊಲಗಳ ರಸಗೊಬ್ಬರವನ್ನು ಹೊತ್ತು ಸಮುದ್ರ ಸೇರುತ್ತದೆ. ಅಲ್ಲಿಯೂ ಪ್ರತಿ ಬೇಸಿಗೆಯಲ್ಲಿ ತಳದ ನೀರಿನ ಆಮ್ಲಜನಕ ಮುಗಿದು, ದೊಡ್ಡ ಪ್ರದೇಶದಲ್ಲಿ ಮೀನುಗಳು ಬದುಕಲಾಗದಂತಾಗುತ್ತದೆ. ನಮ್ಮ ತೊಟ್ಟಿಯಲ್ಲಿ ಆದದ್ದೂ ಅದೇ, ಅಲ್ಲಿ ಆಗುವುದೂ ಅದೇ.

ನಮ್ಮ ಸೊಲ್ಲಾಪುರ ಹಿಂದೆ ಸೊನ್ನಲಿಗೆಯಾಗಿತ್ತು. 12ನೆಯ ಶತಮಾನದ ವಚನಕಾರ ಸಿದ್ಧರಾಮರು ಇಲ್ಲಿ ಜನರನ್ನು ಕೂಡಿಸಿ ಕೆರೆ ಕಟ್ಟಿಸಿದರು. ಕೆರೆ ಕಟ್ಟುವುದನ್ನು ಅವರು ಶಿವನ ಸೇವೆ ಎಂದು ತಿಳಿದಿದ್ದರು. ಇಂದಿಗೂ ಸಿದ್ಧೇಶ್ವರ ಗುಡಿಯ ಸುತ್ತ ಆ ಕೆರೆಯ ನೀರು ಇದೆ. ನಾನೂ ಚಿಕ್ಕವನಿದ್ದಾಗಿನಿಂದ ಪೂಜೆಯ ಹೂವನ್ನು ಭಕ್ತಿಯಿಂದ ನೀರಿಗೆ ಬಿಡುತ್ತಿದ್ದೆ. ಈಗ ಬಿಡುವುದಿಲ್ಲ. ಮನೆಯ ತುಳಸಿಯ ಬುಡಕ್ಕೆ ಹಾಕುತ್ತೇನೆ. ಒಬ್ಬನ ಹೂವಿನಿಂದ ಏನಾದೀತು ಎಂದು ಕೆಲವರು ಕೇಳುತ್ತಾರೆ. ನಮ್ಮ ಶಾಲೆಯಲ್ಲಿಯೂ ಒಬ್ಬೊಬ್ಬರ ತಟ್ಟೆಯಲ್ಲಿ ಇದ್ದದ್ದು ನಾಲ್ಕೈದು ಅಗುಳು ಮಾತ್ರ.

ಅಘನಾಶಿನಿಯ ಅಳಿವೆಯನ್ನು 2024ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿಸಿದರು. ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿ ಅದು. ಆ ಸುದ್ದಿಯನ್ನು ಓದಿದಾಗ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದ ಆ ಅಜ್ಜಿಯ ನೆನಪಾಯಿತು. ಉಕ್ಕಿನ ಡಬ್ಬಿಯಲ್ಲಿ ಮೀನು ತಂದ ಹುಡುಗಿಯ ನೆನಪೂ ಆಯಿತು.

ಮಕ್ಕಳೇ, ನೀವೂ ಮೂರು ಶೀಶೆಗಳ ಪ್ರಯೋಗ ಮಾಡಿ ನೋಡಿರಿ. ಶೀಶೆಯ ನೀರನ್ನು ಕುಡಿಯಬೇಡಿರಿ, ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿರಿ. ನಿಮ್ಮ ಊರಿನ ಕೆರೆ, ಬಾವಿ, ಹೊಂಡಗಳ ಬಣ್ಣ ಯಾವ ತಿಂಗಳಿನಲ್ಲಿ ಹೇಗಿರುತ್ತದೆ ಎಂದು ಬರೆದಿಡಿರಿ. ಬದಲಾದರೆ ಏಕೆ ಬದಲಾಯಿತು ಎಂದು ನಿಮ್ಮ ಗುರುಗಳನ್ನು ಕೇಳಿರಿ. ಅವರು ಗೊತ್ತಿಲ್ಲ ಎಂದರೆ ಬೇಸರಪಡಬೇಡಿರಿ. ಇಬ್ಬರೂ ಕೂಡಿ ಹುಡುಕಿರಿ.